ಕೆ2-18ಬಿ ಗ್ರಹದಲ್ಲಿ ಜೀವ ಸಿಕ್ಕಿತು ಎಂದಿದ್ದರಲ್ಲ, ಆಮೇಲೆ ಏನಾಯಿತು?

ಬಯಲುಸೀಮೆ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮಕ್ಕಳು ಪತ್ರಿಕೆಗಳಿಂದ ಕತ್ತರಿಸಿ ತಂದ ವಿಜ್ಞಾನದ ಸುದ್ದಿಗಳನ್ನು ಅಂಟಿಸಲು ನಮ್ಮ ತರಗತಿಯ ಗೋಡೆಯ ಮೇಲೆ ಒಂದು ಫಲಕವಿದೆ. 2025ರ ಏಪ್ರಿಲ್‌ನಲ್ಲಿ, ಬೇಸಿಗೆ ರಜೆಯ ನಡುವೆ ಬಂದ ಒಂದು ಸುದ್ದಿಯನ್ನು ಒಬ್ಬ ಹುಡುಗಿ ಎರಡು ತಿಂಗಳು ಪುಸ್ತಕದೊಳಗೆ ಜೋಪಾನವಾಗಿಟ್ಟುಕೊಂಡು, ಶಾಲೆ ತೆರೆದ ದಿನವೇ ತಂದು ಅಂಟಿಸಿದ್ದಳು. 124 ಜ್ಯೋತಿರ್ವರ್ಷ ದೂರದ ಗ್ರಹದಲ್ಲಿ ಜೀವಿ ಪತ್ತೆಯಾಗಿದೆ ಎಂಬುದು ಅದರ ಶೀರ್ಷಿಕೆ.

ಕಳೆದ ಸೋಮವಾರ ಅವಳು ನನ್ನ ಬಳಿ ಬಂದು, "ಸರ್, ಜೀವಿ ಸಿಕ್ಕಿದ್ದು ನಿಜವಾದರೆ ಯಾಕೆ ಈಗ ಯಾರೂ ಅದರ ಮಾತೇ ಆಡುತ್ತಿಲ್ಲ? ಸಿಕ್ಕಿಲ್ಲವಾದರೆ ಈ ಚೀಟಿಯನ್ನು ಕಿತ್ತುಹಾಕಬೇಕಾ?" ಎಂದು ಕೇಳಿದಳು. ಮರುದಿನ ಹೇಳುತ್ತೇನೆ ಎಂದು ಕಳಿಸಿದೆ. ಮನೆಗೆ ಬಂದು ಹುಡುಕಿದರೆ, ಸುದ್ದಿ ಬಂದ ವಾರದ ಕನ್ನಡ ಬರಹಗಳು ರಾಶಿ ರಾಶಿಯಾಗಿ ಸಿಗುತ್ತವೆ, ಅದರ ಮುಂದಿನ ಕಥೆಯನ್ನು ಹೇಳುವ ಬರಹ ನನಗೆ ಒಂದೂ ಸಿಗಲಿಲ್ಲ. ಈ ವಿಷಯ ಚೆನ್ನಾಗಿ ಬಲ್ಲವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ. ಆ ಮಗುವಿಗೆ ಅರ್ಧಂಬರ್ಧ ಉತ್ತರ ಕೊಡಲು ನನಗೆ ಮನಸ್ಸಿಲ್ಲ.

ಜಯನಗರದವಳು

ಆ ದಿನ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಆ ಸುದ್ದಿಯನ್ನು ಕಳಿಸದವರೇ ಇರಲಿಲ್ಲ. ಆಮೇಲೆ ಅದು ನಿಜವಾಯಿತೋ ಸುಳ್ಳಾಯಿತೋ ಎಂದು ಒಬ್ಬರೂ ಬರೆಯಲಿಲ್ಲ. ಉತ್ತರಕ್ಕಾಗಿ ನಾನೂ ಕಾಯುತ್ತೇನೆ.

ರೋಹಿತರೇಖೆ

ಮೇಷ್ಟ್ರೇ, ನಾನು ಖಗೋಳ ಭೌತವಿಜ್ಞಾನದ ವಿದ್ಯಾರ್ಥಿನಿ. ಇದು ನನ್ನ ನೇರ ಸಂಶೋಧನೆಯ ಕ್ಷೇತ್ರವಲ್ಲವಾದರೂ ಈ ಚರ್ಚೆಯನ್ನು ಮೊದಲಿನಿಂದ ಓದಿಕೊಂಡು ಬಂದಿದ್ದೇನೆ.

ಕೆ2-18 ಎಂಬುದು ಸಿಂಹರಾಶಿಯ ದಿಕ್ಕಿನಲ್ಲಿರುವ ಒಂದು ಕೆಂಪು ಕುಬ್ಜ ನಕ್ಷತ್ರ. ಅದನ್ನು 33 ದಿನಕ್ಕೊಮ್ಮೆ ಸುತ್ತುವ ಈ ಗ್ರಹವನ್ನು ಕೆಪ್ಲರ್ ದೂರದರ್ಶಕದ ನೆರವಿನಿಂದ 2015ರಲ್ಲಿ ಗುರುತಿಸಿದರು. ಅದರ ತ್ರಿಜ್ಯ ಭೂಮಿಯದಕ್ಕಿಂತ ಸುಮಾರು 2.6 ಪಟ್ಟು, ದ್ರವ್ಯರಾಶಿ ಸುಮಾರು 8.6 ಪಟ್ಟು ಹೆಚ್ಚು. ಆದ್ದರಿಂದ "ಎರಡನೆಯ ಭೂಮಿ" ಎಂಬ ಮಾತನ್ನು ಮೊದಲು ಪಕ್ಕಕ್ಕಿಡಬೇಕು. ಹೈಡ್ರೋಜನ್ ತುಂಬಿದ ವಾತಾವರಣದ ಕೆಳಗೆ ಸಾಗರವಿರುವ ಗ್ರಹ ಅದಾಗಿರಬಹುದು ಎಂಬುದು ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಮತ್ತು ಅವರ ತಂಡದ ವಾದ. ಅದು ನೆಪ್ಚೂನಿನ ಚಿಕ್ಕ ತಮ್ಮನಂತಿರುವ, ನಿಲ್ಲಲು ನೆಲವೂ ಇಲ್ಲದ ಅನಿಲದ ಉಂಡೆ ಎಂದು ವಾದಿಸುವವರೂ ಇದ್ದಾರೆ. ಒಳಗೆ ಕುದಿಯುವ ಶಿಲಾಪಾಕವಿರಬಹುದು ಎಂಬ ಲೆಕ್ಕಾಚಾರವೂ ಪ್ರಕಟವಾಗಿದೆ.

ಈಗ ಸುದ್ದಿಯ ವಿಚಾರ. ನಮ್ಮಲ್ಲಿ ಅನೇಕರು 2004ರಲ್ಲಿಯೋ 2012ರಲ್ಲಿಯೋ ಶುಕ್ರ ಸಂಕ್ರಮಣವನ್ನು ನೋಡಿದ್ದೇವೆ. ಸೂರ್ಯನ ಬಿಂಬದ ಮೇಲೆ ಶುಕ್ರ ಒಂದು ಕಪ್ಪು ಚುಕ್ಕೆಯಾಗಿ ಸರಿದುಹೋಗಿತ್ತಲ್ಲ, ಈ ಗ್ರಹವೂ ತನ್ನ ನಕ್ಷತ್ರದ ಮುಂದೆ ಹಾಗೆಯೇ ಹಾದುಹೋಗುತ್ತದೆ. ಆಗ ನಕ್ಷತ್ರದ ಬೆಳಕು ಸಾವಿರಕ್ಕೆ ಮೂರು ಪಾಲಿನಷ್ಟು ಮಂಕಾಗುತ್ತದೆ. ಗ್ರಹದ ಅಂಚಿನ ತೆಳುವಾದ ಗಾಳಿಯ ಪದರದಲ್ಲಿ ತೂರಿ ಬರುವ ಬೆಳಕು ಆ ಮೂರು ಪಾಲಿನ ಜೊತೆಗಿರುವ ಇನ್ನೂ ಸಣ್ಣ ಚೂರು. ಆ ಚೂರನ್ನು ರೋಹಿತವಾಗಿ, ಅಂದರೆ ಬಣ್ಣಗಳ ಪಟ್ಟಿಯಾಗಿ ಬಿಡಿಸಿ, ಯಾವ ತರಂಗಾಂತರದ ಬೆಳಕು ಎಷ್ಟು ಹೀರಲ್ಪಟ್ಟಿದೆ ಎಂದು ನೋಡಿ, ಗಾಳಿಯಲ್ಲಿ ಯಾವ ಅಣುಗಳಿವೆ ಎಂದು ಊಹಿಸಬೇಕು.

2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಹೀಗೆ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್‌ಗಳನ್ನು ಕಂಡಿತು. ಇವುಗಳ ಬಗ್ಗೆ ಹೆಚ್ಚಿನ ತಕರಾರಿಲ್ಲ. 2025ರ ಏಪ್ರಿಲ್‌ನಲ್ಲಿ ಅದೇ ದೂರದರ್ಶಕದ ಮತ್ತೊಂದು ಅವಕೆಂಪು ಉಪಕರಣದ ಮಾಪನಗಳನ್ನು ಆಧರಿಸಿ, ಭೂಮಿಯ ಮೇಲೆ ಮುಖ್ಯವಾಗಿ ಜೀವಿಗಳಿಂದ ಬರುವ ಡೈಮೀಥೈಲ್ ಸಲ್ಫೈಡ್ ಅಥವಾ ಅದರ ಸೋದರ ಅಣುವಾದ ಡೈಮೀಥೈಲ್ ಡೈಸಲ್ಫೈಡ್ ಅಲ್ಲಿರುವ ಸೂಚನೆಯಿದೆ ಎಂದು ಕೇಂಬ್ರಿಜ್ ತಂಡ ಪ್ರಕಟಿಸಿತು. ಎರಡರಲ್ಲಿ ಯಾವುದು ಎಂದು ಅವರೇ ನಿರ್ಧರಿಸಿರಲಿಲ್ಲ. ಹೆಚ್ಚಿನ ವೀಕ್ಷಣೆ ಬೇಕು ಎಂದು ಅವರೇ ಬರೆದಿದ್ದರು. "ಜೀವಿ ಪತ್ತೆ" ಎಂಬ ಮಾತು ಆ ಪ್ರಬಂಧದಲ್ಲಿ ಇಲ್ಲ.

ಆಮೇಲೆ ಏನಾಯಿತು ಎಂಬುದು ನಿಮ್ಮ ಹುಡುಗಿಯ ಪ್ರಶ್ನೆ. ಅದೇ ತಿಂಗಳಲ್ಲಿ ಆಕ್ಸ್‌ಫರ್ಡಿನ ಜೇಕ್ ಟೇಲರ್ ಅದೇ ದತ್ತಾಂಶವನ್ನು ತೆಗೆದುಕೊಂಡು, ಯಾವ ಅಣುವನ್ನೂ ಊಹಿಸದೆ ಒಂದು ಸಮತಟ್ಟಾದ ಗೆರೆಯನ್ನು ಎಳೆದರೂ ಅದು ಸಾಕಷ್ಟು ಹೊಂದುತ್ತದೆ ಎಂದು ತೋರಿಸಿದರು. ಬೇರೆ ತಂಡಗಳು ಹಳೆಯ ಮತ್ತು ಹೊಸ ಮಾಪನಗಳನ್ನು ಒಟ್ಟುಗೂಡಿಸಿ ನೋಡಿದಾಗ ಆ ಸೂಚನೆ ಬಲವಾಗುವ ಬದಲು ಕ್ಷೀಣಿಸಿತು. ಜುಲೈನಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದವರ ನೇತೃತ್ವದ ತಂಡವೊಂದು, ಗ್ರಹದ ಒಡಲಿನಲ್ಲಿ ನೀರು ಹೇರಳವಾಗಿರುವಂತಿದೆ, ಆದರೆ ಡೈಮೀಥೈಲ್ ಸಲ್ಫೈಡಿಗೆ ಖಚಿತವಾದ ಆಧಾರವಿಲ್ಲ ಎಂಬ ತೀರ್ಮಾನಕ್ಕೆ ಬಂದಿತು. ಇದು "ಸುಳ್ಳು ಎಂದು ಸಾಬೀತಾಯಿತು" ಎಂಬುದಕ್ಕೆ ಸಮವಲ್ಲ. ಇದ್ದ ಸುಳಿವು ಇನ್ನಷ್ಟು ತೆಳುವಾಯಿತು ಎಂದರೆ ಸರಿಯಾದೀತು.

ಹೆಮ್ಮೆಯ_ಕನ್ನಡಿಗ

ಮಧುಸೂದನ್ ಅವರು ನಮ್ಮ ದೇಶದಲ್ಲಿ ಹುಟ್ಟಿ, ವಾರಾಣಸಿಯ ತಾಂತ್ರಿಕ ಸಂಸ್ಥೆಯಲ್ಲಿ ಓದಿ, ಜಗತ್ತಿನ ಮುಂಚೂಣಿಯಲ್ಲಿ ನಿಂತವರು. ಅವರ ಲೆಕ್ಕದಲ್ಲಿ ಖಚಿತತೆ ಶೇಕಡಾ 99.7ರಷ್ಟಿದೆ ಎಂದು ಎಲ್ಲೆಡೆ ಬಂದಿತ್ತು. ನೂರಕ್ಕೆ 99.7ರಷ್ಟು ಖಚಿತವಾಗಿ ಜೀವವಿದೆ ಎಂದಮೇಲೂ ಅನುಮಾನಿಸುವುದು ಮತ್ಸರದಂತೆ ನನಗೆ ಕಾಣುತ್ತದೆ. ನಮ್ಮವರನ್ನು ನಾವೇ ಕೆಳಗೆಳೆಯಬಾರದು.

ಅಂಕಿಗಣಿತ

ಗೆಳೆಯರೇ, ನಿಮ್ಮ ಅಭಿಮಾನ ನನಗೂ ಇದೆ. ಆದರೆ ಆ 99.7ರ ಅರ್ಥ ನೀವು ಹೇಳಿದ್ದಲ್ಲ. ಈ ತಪ್ಪನ್ನು ಮಾಡಿದವರು ನೀವೊಬ್ಬರೇ ಅಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಾನು ಊರು ಬಿಟ್ಟು ಬಂದು ಹೊರದೇಶದಲ್ಲಿ ಸಂಖ್ಯಾಶಾಸ್ತ್ರವನ್ನೇ ಹೊಟ್ಟೆಪಾಡಿಗೆ ನಂಬಿಕೊಂಡವನು.

ರಾತ್ರಿ ನಿಮ್ಮ ಹೊಲದಲ್ಲಿ ಏನೋ ಸರಸರ ಸದ್ದಾಯಿತು ಎಂದುಕೊಳ್ಳಿ. ಗಾಳಿಗೆ ಸೋಗೆ ಅಲುಗಿ ಅಷ್ಟು ದೊಡ್ಡ ಸದ್ದು ಆಗುವ ಸಂಭವ ಸಾವಿರಕ್ಕೆ ಮೂರು ಎಂದು ನಿಮಗೆ ಅನುಭವದಿಂದ ಗೊತ್ತಿದೆ. ಅಂದರೆ ಅದು ಬರೀ ಗಾಳಿಯಲ್ಲ ಎನ್ನಲು ನಿಮಗೆ ಒಂದು ಕಾರಣ ಸಿಕ್ಕಿತು. ಇಷ್ಟರಿಂದಲೇ "ಬಂದದ್ದು ಶೇಕಡಾ 99.7ರಷ್ಟು ಚಿರತೆಯೇ" ಎಂದು ಊರಿಗೆಲ್ಲ ಸಾರಲಾಗುತ್ತದೆಯೇ? ಹಂದಿ ಇರಬಹುದು, ನಾಯಿ ಇರಬಹುದು, ಹಗ್ಗ ಬಿಚ್ಚಿಕೊಂಡ ಪಕ್ಕದ ಮನೆಯ ಎಮ್ಮೆಯೂ ಇರಬಹುದು. ಪ್ರಬಂಧದಲ್ಲಿದ್ದ ಮೂರು ಸಿಗ್ಮಾ, ಅಂದರೆ ಆ 99.7ರ ಲೆಕ್ಕ, ಹೇಳುವುದು ಗಾಳಿಯ ವಿಷಯವನ್ನು ಮಾತ್ರ, ಚಿರತೆಯ ವಿಷಯವನ್ನಲ್ಲ. ಅದರ ಮೇಲೆ, ಅದು ಡೈಮೀಥೈಲ್ ಸಲ್ಫೈಡೇ ಎಂದಿಟ್ಟುಕೊಂಡರೂ, ಅದನ್ನು ಜೀವಿಯೇ ಉತ್ಪಾದಿಸಿತು ಎಂಬುದು ಬೇರೆಯದೇ ಆದ ಇನ್ನೊಂದು ಮೆಟ್ಟಿಲು.

ಭೌತವಿಜ್ಞಾನದಲ್ಲಿ "ಕಂಡುಹಿಡಿದಿದ್ದೇವೆ" ಎನ್ನಲು ವಾಡಿಕೆಯಾಗಿ ಐದು ಸಿಗ್ಮಾ ಕೇಳುತ್ತಾರೆ. ಅಲ್ಲಿ ಬರೀ ಆಕಸ್ಮಿಕವಾಗಿರುವ ಸಂಭವ ಶೇಕಡಾ 0.00006ಕ್ಕಿಂತ ಕಡಿಮೆಯಿರಬೇಕು. ಅದನ್ನು ಮುಟ್ಟಲು ಇನ್ನೂ 16ರಿಂದ 24 ಗಂಟೆಗಳ ವೀಕ್ಷಣೆ ಬೇಕಾಗಬಹುದು ಎಂದು ಕೇಂಬ್ರಿಜ್ ತಂಡವೇ ಅಂದಾಜಿಸಿತ್ತು. ಅನುಮಾನವನ್ನು ಮೊದಲು ದಾಖಲಿಸಿದವರೇ ಅವರು ಎಂದಮೇಲೆ, ಬೇರೆಯವರು ಅದನ್ನು ಮುಂದುವರಿಸುವುದು ಮತ್ಸರ ಹೇಗಾಗುತ್ತದೆ?

ಹುಬ್ಬೆಮಳೆ

ಹೋದ ವರ್ಷ ನಮ್ಮ ಜೋಳದ ಹೊಲದಲ್ಲಿ ಇದೇ ಆಯಿತು. ಚಿರತೆ ಎಂದು ಊರಿನವರೆಲ್ಲ ಮೂರು ರಾತ್ರಿ ಹೊರಗೆ ಬರಲಿಲ್ಲ. ಬೆಳಗ್ಗೆ ಹೆಜ್ಜೆ ಗುರುತು ನೋಡಿದರೆ ಹಂದಿ. ಆದರೆ ಎರಡು ವರ್ಷದ ಹಿಂದೆ ಪಕ್ಕದ ಊರಿನಲ್ಲಿ ಅಂಥದೇ ಸದ್ದಿಗೆ ನಿಜವಾಗಿಯೂ ಚಿರತೆ ಬಂದಿತ್ತು. ಆದ್ದರಿಂದ ಸದ್ದು ಕೇಳಿದವನನ್ನು ಬಯ್ಯಬಾರದು. ಹೆಜ್ಜೆ ನೋಡುವವರೆಗೆ ತಾಳ್ಮೆ ಬೇಕು, ಅಷ್ಟೆ.

ಹೆಮ್ಮೆಯ_ಕನ್ನಡಿಗ

ಅಂಕಿಗಣಿತ ಅವರೇ, ನಾನು ಆ ಸಂಖ್ಯೆಯನ್ನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದೆ ಎಂದು ಒಪ್ಪುತ್ತೇನೆ. ಆದರೂ ಒಂದು ಮಾತು ಹೇಳಲೇಬೇಕು. ಹೀಗೆ ಧೈರ್ಯವಾಗಿ ಮುಂದೆ ಬಂದು ಹೇಳುವವರು ಇಲ್ಲದಿದ್ದರೆ ದೂರದರ್ಶಕದ ಸಮಯವನ್ನು ಈ ಗ್ರಹಕ್ಕೆ ಯಾರು ಕೊಡುತ್ತಿದ್ದರು?

ಅಂಕಿಗಣಿತ

ಆ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ.

ಕಡಲಮಗ

ನಾನು ಕರಾವಳಿಯವನು. ಈ ಡೈಮೀಥೈಲ್ ಸಲ್ಫೈಡ್ ಎಂಬ ಅನಿಲವನ್ನು ಭೂಮಿಯ ಮೇಲೆ ಮುಖ್ಯವಾಗಿ ಸಮುದ್ರದ ಸಸ್ಯ ಪ್ಲವಕಗಳು, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು ಹೊರಬಿಡುತ್ತವೆ, ಕಡಲ ದಂಡೆಯ ವಾಸನೆಯಲ್ಲಿ ಅದರ ಪಾಲಿದೆ, ಎಲೆಕೋಸನ್ನು ಬೇಯಿಸುವಾಗಲೂ ಅದೇ ಬರುತ್ತದೆ ಎಂದು ಓದಿ ನನಗೆ ಮೈ ಜುಮ್ಮೆಂದಿತ್ತು. ಆ ಸಂಜೆ ಬಂದರಿನ ಬಳಿ ನಿಂತು ಉಸಿರೆಳೆದುಕೊಂಡಾಗ, 124 ಜ್ಯೋತಿರ್ವರ್ಷದಾಚೆ ಇದೇ ವಾಸನೆಯ ಒಂದು ಕಡಲು ಇರಬಹುದಲ್ಲ ಎಂದು ಅನ್ನಿಸಿದ್ದನ್ನು ನಾನು ಮರೆಯಲಾರೆ. ಜೀವಿಗಳಲ್ಲದೆ ಬೇರೆ ಯಾವುದೂ ಅದನ್ನು ಮಾಡಲಾರದು ಎಂದು ಆ ದಿನ ಬರೆದಿದ್ದರು. ಅದಾದರೂ ನಿಜವೇ?

ರೋಹಿತರೇಖೆ

ಭೂಮಿಯ ಮಟ್ಟಿಗೆ ಬಹುಪಾಲು ನಿಜ, ಅಣ್ಣ. ಭೂಮಿಯ ಹೊರಗೆ ಅಲ್ಲ. ರೊಸೆಟ್ಟಾ ನೌಕೆ 67ಪಿ ಎಂಬ ಧೂಮಕೇತುವಿನ ಬಳಿ ಸಂಗ್ರಹಿಸಿದ ಮಾಹಿತಿಯನ್ನು ಮತ್ತೆ ಜಾಲಾಡಿದಾಗ ಅಲ್ಲಿಯೂ ಈ ಅಣು ಇದ್ದದ್ದು 2024ರಲ್ಲಿ ತಿಳಿಯಿತು. ಆ ಹಿಮಗಡ್ಡೆಯ ಮೇಲೆ ಪ್ಲವಕಗಳಿಲ್ಲ. ಪ್ರಯೋಗಾಲಯದಲ್ಲಿ ಸರಳ ಅನಿಲಗಳ ಮಿಶ್ರಣದ ಮೇಲೆ ಅತಿನೇರಳೆ ಬೆಳಕು ಹಾಯಿಸಿಯೂ ಅದನ್ನು ಪಡೆದಿದ್ದಾರೆ. ನಕ್ಷತ್ರಗಳ ನಡುವಣ ಅನಿಲ ಮೋಡದಲ್ಲಿಯೂ ಅದು ಕಂಡಿದೆ.

ಕೇಂಬ್ರಿಜ್ ತಂಡ ಇದಕ್ಕೆ ಕೊಡುವ ಉತ್ತರವೂ ಹಗುರವಾದದ್ದಲ್ಲ. ಭೂಮಿಯ ಗಾಳಿಯಲ್ಲಿ ಆ ಅನಿಲ ನೂರು ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಿದೆ. ಅಲ್ಲಿ ಅವರು ಊಹಿಸಿದ್ದು ಹತ್ತು ಲಕ್ಷದಲ್ಲಿ ಹತ್ತು ಪಾಲಿಗಿಂತ ಹೆಚ್ಚು, ಅಂದರೆ ಸಾವಿರಾರು ಪಟ್ಟು. ಧೂಮಕೇತುಗಳು ಉದುರಿಸಿ ಅಷ್ಟನ್ನು ತುಂಬುವುದು ಕಷ್ಟ ಎಂದು ಅವರು ವಾದಿಸುತ್ತಾರೆ. ಆದರೆ ಆ ಪ್ರಮಾಣ ನಿಜವೇ ಎಂಬ ಪ್ರಶ್ನೆಗೆ ಮತ್ತೆ ಅದೇ ಮಸುಕಾದ ರೋಹಿತದ ಬಳಿಗೇ ಹೋಗಬೇಕು.

ನಿಮ್ಮ ಬಂದರಿನ ಸಂಜೆಯ ಬಗ್ಗೆ ಓದಿ ನನಗೆ ಬಹಳ ಸಂತೋಷವಾಯಿತು. ಆ ಪುಳಕವನ್ನು ಯಾರೂ ಹಿಂದಕ್ಕೆ ಕೊಡಬೇಕಾಗಿಲ್ಲ.

ನಿವೃತ್ತ_ಭೌತ

ಮೂವತ್ತು ವರ್ಷ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸಿ ಈಗ ಮನೆಯಲ್ಲಿದ್ದೇನೆ. ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿನಿಗೆ ಎರಡು ಹಳೆಯ ರೇಖೆಗಳ ಕಥೆಯನ್ನು ಒಟ್ಟಿಗೆ ಹೇಳಿ ನೋಡಿ.

1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ನೋಡಲು ಫ್ರಾನ್ಸಿನ ಜಾನ್ಸನ್ ನಮ್ಮ ನೆರೆಯ ಗುಂಟೂರಿಗೆ ಬಂದಿದ್ದರು. ಆ ವರ್ಷ ಸೂರ್ಯನ ಅಂಚಿನ ಜ್ವಾಲೆಗಳ ರೋಹಿತದಲ್ಲಿ ಒಂದು ಹಳದಿ ರೇಖೆ ಕಂಡಿತು. ಅದು ಆಗ ಗೊತ್ತಿದ್ದ ಯಾವ ಧಾತುವಿಗೂ ಹೊಂದಲಿಲ್ಲ. ಇಂಗ್ಲೆಂಡಿನ ಲಾಕ್ಯರ್ ಅದು ಹೊಸ ಧಾತುವಿನದು ಎಂದರು, ಅದಕ್ಕೆ ಹೀಲಿಯಂ ಎಂಬ ಹೆಸರು ಬಂತು. ಅನೇಕರು ನಂಬಲಿಲ್ಲ. 1895ರಲ್ಲಿ ರ‍್ಯಾಮ್ಸೆ ಭೂಮಿಯ ಮೇಲಿನ ಒಂದು ಖನಿಜದಿಂದಲೇ ಆ ಅನಿಲವನ್ನು ಹೊರತೆಗೆದಾಗ ಇಪ್ಪತ್ತೇಳು ವರ್ಷದ ಅನುಮಾನ ಕೊನೆಗೊಂಡಿತು.

ಮರುವರ್ಷ, 1869ರ ಗ್ರಹಣದಲ್ಲಿ, ಸೂರ್ಯನ ಪ್ರಭಾವಲಯದಲ್ಲಿ ಒಂದು ಹಸಿರು ರೇಖೆ ಕಂಡಿತು. ಅದೂ ಯಾವ ಧಾತುವಿಗೂ ಹೊಂದಲಿಲ್ಲ. ಅದಕ್ಕೂ ಹೊಸ ಹೆಸರಿಟ್ಟರು, ಕೊರೋನಿಯಂ ಎಂದು. ಸುಮಾರು ಎಪ್ಪತ್ತು ವರ್ಷ ಆ ಹೆಸರು ವಿಜ್ಞಾನದಲ್ಲಿ ಉಳಿಯಿತು. ಕಡೆಗೆ ತಿಳಿದದ್ದೇನೆಂದರೆ, ಅದು ನಮ್ಮ ನಿಮ್ಮ ಮನೆಯ ಕಬ್ಬಿಣವೇ, ಹದಿಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣ. ಅಷ್ಟು ಎಲೆಕ್ಟ್ರಾನುಗಳು ಕಳಚಬೇಕಾದರೆ ಅಲ್ಲಿನ ಉಷ್ಣತೆ ಹತ್ತು ಲಕ್ಷ ಡಿಗ್ರಿಯಷ್ಟಿರಬೇಕು. ಹೊಸ ಧಾತು ಸಿಗಲಿಲ್ಲ, ಆದರೆ ಸೂರ್ಯನ ಮೇಲ್ಮೈಗಿಂತ ಅದರ ಹೊರಗಿನ ಪ್ರಭಾವಲಯವೇ ನೂರಾರು ಪಟ್ಟು ಬಿಸಿ ಎಂಬ, ಯಾರೂ ನಿರೀಕ್ಷಿಸದ ವಿಷಯ ಸಿಕ್ಕಿತು.

ಎರಡೂ ರೇಖೆಗಳನ್ನು ಕಂಡವರು ಪ್ರಾಮಾಣಿಕರೇ. ಒಂದು ಒಂದು ರೀತಿಯಾಯಿತು, ಇನ್ನೊಂದು ಇನ್ನೊಂದು ರೀತಿಯಾಯಿತು. ಕಂಡ ದಿನದಂದು ಎರಡನ್ನೂ ಬೇರ್ಪಡಿಸಿ ಹೇಳುವ ಉಪಾಯ ಯಾರ ಬಳಿಯೂ ಇರಲಿಲ್ಲ.

ಬಯಲುಸೀಮೆ_ಮೇಷ್ಟ್ರು

ಸರ್, ನಾನು ಇಷ್ಟು ವರ್ಷ ಹೀಲಿಯಂನ ಕಥೆಯನ್ನು ಮಾತ್ರ ಹೇಳಿಕೊಂಡು ಬಂದಿದ್ದೆ. ಕೊರೋನಿಯಂನ ಕಥೆ ಪಾಠದಲ್ಲಿ ಇಲ್ಲ. ಗೆದ್ದವರ ಕಥೆಯನ್ನಷ್ಟೇ ಕೇಳಿ ಬೆಳೆದ ಮಗುವಿಗೆ ಈ ಸುದ್ದಿ ಮೋಸದಂತೆ ಕಂಡದ್ದು ಆಶ್ಚರ್ಯವಲ್ಲ ಎಂದು ಈಗ ಅನ್ನಿಸುತ್ತಿದೆ.

ಶರಾವತಿ_ಕಣಿವೆ

ನನ್ನ ಸಿಟ್ಟು ವಿಜ್ಞಾನಿಗಳ ಮೇಲಲ್ಲ, ಶೀರ್ಷಿಕೆಯ ಮೇಲೆ. ಕನ್ನಡದಲ್ಲಿ ಖಚಿತತೆಯ ಮಟ್ಟಗಳನ್ನು ಹೇಳಲು ಎಷ್ಟೊಂದು ಮಾತುಗಳಿವೆ! ಸುಳಿವು ಎಂದರೆ ಒಂದು, ಕುರುಹು ಎಂದರೆ ಅದಕ್ಕಿಂತ ತುಸು ಗಟ್ಟಿ, ಪುರಾವೆ ಎಂದರೆ ಇನ್ನೂ ಗಟ್ಟಿ, ಪತ್ತೆ ಎಂದರೆ ಕೈಗೆ ಸಿಕ್ಕಿತು ಎಂದೇ ಅರ್ಥ. ಕಳೆದುಹೋದ ಮಗು ಪತ್ತೆಯಾಯಿತು ಎಂದರೆ ತಾಯಿ ಮಗುವನ್ನು ಎತ್ತಿಕೊಂಡಿದ್ದಾಳೆ ಎಂದು ನಾವು ತಿಳಿಯುತ್ತೇವೆ. ಮಗುವಿನ ಚಪ್ಪಲಿ ಸಿಕ್ಕಿದಾಗ ಆ ಮಾತನ್ನು ಯಾರೂ ಬಳಸುವುದಿಲ್ಲ. ನಮ್ಮ ಅಜ್ಜಿಯರು ತಾವು ಕಣ್ಣಾರೆ ಕಾಣದ ಯಾವ ಸಂಗತಿಯನ್ನೂ "ಅಂತೆ" ಸೇರಿಸದೆ ಹೇಳುತ್ತಿರಲಿಲ್ಲ. "ಮಳೆ ಬಂತು" ಬೇರೆ, "ಮಳೆ ಬಂತಂತೆ" ಬೇರೆ. ಇಂಥ ಸೂಕ್ಷ್ಮವಾದ ನುಡಿಯನ್ನು ಕೈಯಲ್ಲಿಟ್ಟುಕೊಂಡು "ಜೀವಿ ಪತ್ತೆ" ಎಂದು ಬರೆಯುವುದು ನುಡಿಗೂ ಅನ್ಯಾಯ, ವಿಜ್ಞಾನಕ್ಕೂ ಅನ್ಯಾಯ.

ಇನ್ನೊಂದು. ಜೀವ ಬೇರೆ, ಜೀವಿ ಬೇರೆ. ಪ್ಲವಕದಂಥ ಸೂಕ್ಷ್ಮ ಜೀವದ ಮಾತನ್ನು "ಅನ್ಯಗ್ರಹ ಜೀವಿ" ಎಂದು ಬರೆದು, ಪಕ್ಕದಲ್ಲಿ ಹಸಿರು ಮೈಯ, ದೊಡ್ಡ ಕಣ್ಣಿನ ಮನುಷ್ಯಾಕೃತಿಯ ಚಿತ್ರ ಹಾಕಿದ್ದನ್ನು ನಾನೇ ನೋಡಿದ್ದೇನೆ.

ರಾತ್ರಿಪಾಳಿ

ನಾನು ಒಂದು ಪತ್ರಿಕೆಯ ಸುದ್ದಿ ಮೇಜಿನಲ್ಲಿ ಕೆಲಸ ಮಾಡುತ್ತೇನೆ. ಯಾವುದು ಎಂದು ಹೇಳುವುದಿಲ್ಲ. ಶರಾವತಿ ಅಕ್ಕನವರ ಮಾತು ನನಗೆ ನಾಟಿದೆ, ಏಕೆಂದರೆ ಆ ರಾತ್ರಿ ನಾನೂ ಅಂಥದೇ ಒಂದು ಶೀರ್ಷಿಕೆಯನ್ನು ಕೊಟ್ಟಿದ್ದೆ. ನಮ್ಮ ಕಷ್ಟವನ್ನೂ ಕೇಳಿ. ಸುದ್ದಿ ಸಂಸ್ಥೆಯ ಇಂಗ್ಲಿಷ್ ಪ್ರತಿ ಬರುತ್ತದೆ, ಪುಟ ಮುದ್ರಣಕ್ಕೆ ಹೋಗಲು ಅರ್ಧ ಗಂಟೆ ಉಳಿದಿರುತ್ತದೆ, ಎರಡು ಕಾಲಂ ಅಗಲದಲ್ಲಿ ಮೂರು ಅಥವಾ ನಾಲ್ಕು ಪದ ಹಿಡಿಯುತ್ತವೆ. "ಜೀವದ ಅಸ್ತಿತ್ವವನ್ನು ಸೂಚಿಸಬಹುದಾದ ಅಣುವೊಂದರ ದುರ್ಬಲ ಸುಳಿವು" ಎಂದು ಬರೆಯಲು ಅಲ್ಲಿ ಜಾಗವೇ ಇಲ್ಲ. ಸಂಜೆಯಿಂದ ಟೀವಿಯಲ್ಲಿ ಬೇರೆ ರೀತಿ ಬಿತ್ತರವಾಗಿರುತ್ತದೆ, ನಾವು ಮಾತ್ರ ಸಪ್ಪೆಯಾಗಿ ಬರೆದರೆ ಬೆಳಗ್ಗೆ ಕೇಳುವವರಿರುತ್ತಾರೆ.

ಶರಾವತಿ_ಕಣಿವೆ

ತಮ್ಮ, ನಿಮ್ಮ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಆದರೆ ಜಾಗದ ವಾದವನ್ನು ಒಪ್ಪಲಾರೆ. "ದೂರದ ಗ್ರಹ: ಜೀವದ ಸುಳಿವು?" ಎಂದರೆ ನಾಲ್ಕೇ ಪದ. "ಪತ್ತೆ" ಎಂಬಲ್ಲಿ "ಸುಳಿವು" ಎಂದು ಹಾಕಿದರೆ ಒಂದೇ ಒಂದು ಅಕ್ಷರ ಹೆಚ್ಚು.

ರಾತ್ರಿಪಾಳಿ

ನಿಜ. ಆ ಒಂದಕ್ಷರಕ್ಕೆ ನನ್ನಲ್ಲಿ ಉತ್ತರವಿಲ್ಲ.

ರೋಹಿತರೇಖೆ

ಇದೇ ಗ್ರಹದ ವಿಷಯದಲ್ಲಿ ಇದು ಮೊದಲ ಸಲವೂ ಅಲ್ಲ ಎಂಬುದನ್ನು ಸೇರಿಸುತ್ತೇನೆ. 2019ರಲ್ಲಿ ಹಬಲ್ ದೂರದರ್ಶಕದ ಮಾಪನಗಳನ್ನು ಆಧರಿಸಿ ಈ ಗ್ರಹದ ಗಾಳಿಯಲ್ಲಿ ನೀರಾವಿ ಕಂಡಿತೆಂದು ಜಗತ್ತಿನಾದ್ಯಂತ ಸುದ್ದಿಯಾಗಿತ್ತು. 2023ರಲ್ಲಿ ಜೇಮ್ಸ್ ವೆಬ್ ಹೆಚ್ಚು ನಿಚ್ಚಳವಾಗಿ ನೋಡಿದಾಗ, ಹಬಲ್ ಕಂಡ ಆ ಇಳಿತ ಬಹುಪಾಲು ಮೀಥೇನಿನದ್ದಾಗಿರಬೇಕು ಎಂದು ತಿಳಿಯಿತು. ಆ ತರಂಗಾಂತರದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. "ನೀರು ಸಿಕ್ಕಿತು" ಎಂಬ ಸುದ್ದಿ ಮುಖಪುಟಕ್ಕೆ ಬಂದಿತ್ತು. ಅದು ಮೀಥೇನ್ ಎಂದು ಬದಲಾದದ್ದು ಬರಲಿಲ್ಲ.

ಶುಕ್ರನ ಕಥೆಯೂ ಹೀಗೆಯೇ. 2020ರ ಸೆಪ್ಟೆಂಬರಿನಲ್ಲಿ ಅದರ ಮೋಡಗಳಲ್ಲಿ ಭೂಮಿಯ ಮೇಲೆ ಜೀವಿಗಳೂ ಹೊರಬಿಡುವ ಫಾಸ್ಫೀನ್ ಎಂಬ ಅನಿಲ ನೂರು ಕೋಟಿಯಲ್ಲಿ 20 ಪಾಲಿನಷ್ಟು ಇದೆ ಎಂದು ಪ್ರಕಟಿಸಿದರು. ದತ್ತಾಂಶದ ಸಂಸ್ಕರಣೆಯಲ್ಲಿ ದೋಷ ಕಂಡು ಸರಿಪಡಿಸಿದ ಮೇಲೆ ಅದೇ ತಂಡ ಆ ಪ್ರಮಾಣವನ್ನು ಬಹಳಷ್ಟು ಇಳಿಸಿತು. ಇದೆ, ಇಲ್ಲ ಎಂಬ ವಾದ ಇನ್ನೂ ನಡೆದಿದೆ.

ಜಯನಗರದವಳು

ಇಂಥ ಸುದ್ದಿಯಿಂದ ಪುಳಕವಾಗುವುದಾದರೆ ಆಗಲಿ, ಭಯವಾದರೆ ಏನು ಮಾಡುವುದು? 2025ರ ಜುಲೈ 1ರಂದು ಚಿಲಿಯ ದೂರದರ್ಶಕವೊಂದು 3ಐ ಅಟ್ಲಾಸ್ ಎಂಬ, ಸೌರಮಂಡಲದ ಹೊರಗಿನಿಂದ ಬಂದ ಧೂಮಕೇತುವನ್ನು ಗುರುತಿಸಿತಲ್ಲ, ಅದು ಅನ್ಯಗ್ರಹದವರ ನೌಕೆ, ಡಿಸೆಂಬರಿನಲ್ಲಿ ಭೂಮಿಗೆ ಬರುತ್ತದೆ ಎಂಬ ವಿಡಿಯೊಗಳು ನನ್ನ ತಾಯಿಯ ಫೋನಿಗೆ ಒಂದರ ಹಿಂದೊಂದು ಬಂದವು. ಎಪ್ಪತ್ತೆರಡು ವರ್ಷದ ಅಮ್ಮ ರಾತ್ರಿ ಎದ್ದು ಕುಳಿತು, "ನೀನು ಕೆಲಸಕ್ಕೆ ಹೋದಾಗ ಮಗುವನ್ನು ಒಬ್ಬಳೇ ಬಿಡಬೇಡ" ಎಂದು ಹೇಳುತ್ತಿದ್ದರು. ಡಿಸೆಂಬರ್ 19ರಂದು ಅದು ನಮಗೆ ಅತಿ ಸಮೀಪ ಬಂದಾಗಲೂ ಸುಮಾರು 27 ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಚಂದ್ರನ ದೂರದ ಏಳುನೂರು ಪಟ್ಟು ಎಂದು ಲೆಕ್ಕ ಹಾಕಿ ತೋರಿಸಿದ ಮೇಲೆ ಅಮ್ಮ ಸಮಾಧಾನಗೊಂಡರು. ಆದರೆ ಲೆಕ್ಕ ಹಾಕಿ ತೋರಿಸುವವರು ಮನೆಯಲ್ಲಿಲ್ಲದ ಅಮ್ಮಂದಿರು ಎಷ್ಟು ಜನ!

ನಿವೃತ್ತ_ಭೌತ

ಅಮ್ಮನವರ ಭಯ ಹೊಸದಲ್ಲ, ತಾಯಿ. 1910ರಲ್ಲಿ ಹ್ಯಾಲಿ ಧೂಮಕೇತುವಿನ ರೋಹಿತದಲ್ಲಿ ಸಯನೋಜೆನ್ ಎಂಬ ವಿಷಾನಿಲ ಕಂಡಿತ್ತು. ಅದು ಸರಿಯಾದ ಮಾಪನವೇ. ಆ ವರ್ಷದ ಮೇ ತಿಂಗಳಲ್ಲಿ ಭೂಮಿ ಅದರ ಬಾಲದ ಮೂಲಕ ಹಾದುಹೋಗುವುದಿತ್ತು. ಬಾಲ ಎಷ್ಟು ವಿರಳ ಎಂಬುದನ್ನು ಬಿಟ್ಟು ವಿಷವನ್ನು ಮಾತ್ರ ಮುದ್ರಿಸಿದಾಗ, ಯುರೋಪ್ ಅಮೆರಿಕಗಳಲ್ಲಿ ಜನ ಬಾಗಿಲ ಸಂದುಗಳಿಗೆ ಕಾಗದ ತುರುಕಿಕೊಂಡರು, ಧೂಮಕೇತುವಿನ ವಿಷಕ್ಕೆ ಮದ್ದೆಂದು ಗುಳಿಗೆಗಳೂ ಮಾರಾಟವಾದವು. ಒಂದು ಅನಿಲ, ಒಂದು ರೋಹಿತ, ಪ್ರಮಾಣದ ಮಾತನ್ನು ಬಿಟ್ಟ ಒಂದು ಸುದ್ದಿ. 115 ವರ್ಷಗಳ ಅಂತರದಲ್ಲಿ ಎರಡೂ ಕಥೆಗಳು ಎಷ್ಟು ಹೋಲುತ್ತವೆ ನೋಡಿ.

ಹೆಮ್ಮೆಯ_ಕನ್ನಡಿಗ

ನಮ್ಮ ಪುರಾಣಗಳಲ್ಲಿ ಹದಿನಾಲ್ಕು ಲೋಕಗಳ ಮಾತಿದೆ. ಬೇರೆ ಲೋಕಗಳಲ್ಲಿ ಜೀವವಿದೆ ಎಂಬುದು ನಮಗೆ ಎಂದೋ ಗೊತ್ತಿತ್ತು ಎಂದು ಮಕ್ಕಳಿಗೆ ಹೇಳಬಾರದೇ?

ಶರಾವತಿ_ಕಣಿವೆ

ನಮ್ಮ ಅಜ್ಜಿ ಪ್ರತಿದಿನ ಸಂಜೆ ದೀಪ ಹಚ್ಚಿ "ಅನಂತಕೋಟಿ ಬ್ರಹ್ಮಾಂಡ ನಾಯಕ" ಎಂದು ಕೈಮುಗಿಯುತ್ತಿದ್ದರು. ಲೋಕಗಳು ಅನೇಕ ಎಂಬ ಕಲ್ಪನೆಗೆ ನಮ್ಮ ಮನಸ್ಸು ಮೊದಲಿನಿಂದಲೂ ತೆರೆದಿದೆ, ಅದು ಸಂತೋಷ ಪಡಬೇಕಾದ ವಿಷಯ. ಆದರೆ ಅಜ್ಜಿ ಅದನ್ನು ಭಕ್ತಿಯಿಂದ ಹೇಳುತ್ತಿದ್ದರೇ ಹೊರತು, ಸಿಂಹರಾಶಿಯ ಒಂದು ಗ್ರಹದಲ್ಲಿ ಗಂಧಕದ ಅಣು ಎಷ್ಟಿದೆ ಎಂದು ಅಳೆದು ಹೇಳುತ್ತಿರಲಿಲ್ಲ. ಎರಡನ್ನೂ ಬೆರೆಸಿದರೆ ಎರಡರ ಘನತೆಯೂ ಕಡಿಮೆಯಾಗುತ್ತದೆ ಎಂದು ನನ್ನ ನಂಬಿಕೆ.

ಹುಬ್ಬೆಮಳೆ

ಇಷ್ಟೆಲ್ಲ ಓದಿದ ಮೇಲೆ ಆ ನಕ್ಷತ್ರವನ್ನು ಒಮ್ಮೆ ನೋಡಬೇಕೆನಿಸಿದೆ. ಹೊಲದಲ್ಲಿ ಮಲಗುವವನಿಗೆ ಕತ್ತಲೆಗೇನೂ ಕೊರತೆಯಿಲ್ಲ. ಎಲ್ಲಿ ನೋಡಬೇಕು?

ರೋಹಿತರೇಖೆ

ಬರಿಗಣ್ಣಿಗೆ ಆ ನಕ್ಷತ್ರ ಕಾಣುವುದಿಲ್ಲ, ಅದಕ್ಕೆ ಒಳ್ಳೆಯ ದೂರದರ್ಶಕ ಬೇಕು. ಅದಿರುವ ಜಾಗವನ್ನು ಮಾತ್ರ ನೀವು ಖಂಡಿತ ನೋಡಬಹುದು. ಮಜವೆಂದರೆ, ಅದು ನಿಮ್ಮ ಮಳೆಯ ನಕ್ಷತ್ರಗಳ ಕೇರಿಯಲ್ಲೇ ಇದೆ.

ಫಾಲ್ಗುಣ ಮಾಸದಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಪೂರ್ವಕ್ಕೆ ತಿರುಗಿ ನಿಂತರೆ ಸಿಂಹರಾಶಿ ಚೆನ್ನಾಗಿ ಮೇಲೇರಿರುತ್ತದೆ. ಮೇಲಿನ ಹೊಳೆಯುವ ನಕ್ಷತ್ರ ಮಘಾ. ಅದರ ಕೆಳಗೆ ಜೋಡಿಯಾಗಿರುವುದು ನಿಮ್ಮ ಹುಬ್ಬೆ, ಇನ್ನೂ ಕೆಳಗೆ ಸಿಂಹದ ಬಾಲದ ತುದಿಯಲ್ಲಿ ಒಂಟಿಯಾಗಿರುವುದು ಉತ್ತರೆ. ಕೈಯನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು ಹತ್ತು ಡಿಗ್ರಿ. ಉತ್ತರೆಯಿಂದ ದಕ್ಷಿಣಕ್ಕೆ, ತುಸು ಮಘೆಯ ಕಡೆಗೆ ವಾಲಿ, ಒಂದು ಮುಷ್ಟಿಗಿಂತ ಸ್ವಲ್ಪ ಕಡಿಮೆ ಸರಿದರೆ ಕೆ2-18 ಇರುವ ಜಾಗ. ಹೋಳಿ ಹುಣ್ಣಿಮೆಯ ಚಂದ್ರ ನಿಲ್ಲುವುದೂ ಈ ಸುತ್ತಿನಲ್ಲೇ, ಆದ್ದರಿಂದ ಹುಣ್ಣಿಮೆ ಕಳೆದು ಒಂದು ವಾರದ ನಂತರ ನೋಡುವುದು ಒಳ್ಳೆಯದು.

ಉತ್ತರೆ ಮಳೆಯ ದಿನಗಳಲ್ಲಿ ಸೂರ್ಯನೇ ಆ ಕಡೆಗಿರುವುದರಿಂದ ಏನೂ ಕಾಣದು. ಜೇಮ್ಸ್ ವೆಬ್ ದೂರದರ್ಶಕಕ್ಕೂ ಅಂಥದೇ ಒಂದು ಕಟ್ಟುಪಾಡಿದೆ. ಅದು ಯಾವಾಗಲೂ ಸೂರ್ಯನಿಗೆ ಬೆನ್ನು ಮಾಡಿ, ಗುರಾಣಿಯ ನೆರಳಿನಲ್ಲಿ ತಂಪಾಗಿರಬೇಕು. ಆದ್ದರಿಂದ ಈ ಗ್ರಹವನ್ನು ಅದು ವರ್ಷಕ್ಕೆ ಎರಡು ಅವಧಿಗಳಲ್ಲಿ ಮಾತ್ರ ನೋಡಬಲ್ಲದು, ಗ್ರಹ ನಕ್ಷತ್ರದ ಮುಂದೆ ಹಾಯುವುದೋ 33 ದಿನಕ್ಕೊಮ್ಮೆ. ಆ ಎರಡೂ ಕೂಡಿಬರುವ ಕೆಲವೇ ಗಂಟೆಗಳಿಗಾಗಿ ಜಗತ್ತಿನ ಖಗೋಳ ವಿಜ್ಞಾನಿಗಳೆಲ್ಲ ಸಾಲಿನಲ್ಲಿ ನಿಂತಿದ್ದಾರೆ. ಮೇಷ್ಟ್ರೇ, "ಯಾರೂ ಅದರ ಮಾತೇ ಆಡುತ್ತಿಲ್ಲ ಯಾಕೆ" ಎಂಬುದಕ್ಕೆ ಒಂದು ನಿಜವಾದ ಕಾರಣ ಇದು.

ಕಡಲಮಗ

2024ರ ಏಪ್ರಿಲ್‌ನಲ್ಲಿ ದೂರದರ್ಶಕ ಹಿಡಿದ ಬೆಳಕು ಅಲ್ಲಿಂದ ಹೊರಟದ್ದು 1900ರ ಸುಮಾರಿಗೆ. ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಯನ್ನು ತಲುಪಿದ್ದು 1902ರಲ್ಲಿ. ನಮ್ಮ ನಾಡಿನಲ್ಲಿ ಆ ತಂತಿ ಎಳೆಯುವ ಮುಂಚೆಯೇ ಹೊರಟ ಬೆಳಕನ್ನು ಈಗ ಓದುತ್ತಿದ್ದೇವೆ. ಸೆಕೆಂಡಿಗೆ 17 ಕಿಲೋಮೀಟರ್ ಓಡುವ ವಾಯೇಜರ್ ನೌಕೆ ಅಷ್ಟು ದೂರ ಹೋಗಬೇಕಾದರೆ ಸುಮಾರು 22 ಲಕ್ಷ ವರ್ಷ ಬೇಕು ಎಂದು ಲೆಕ್ಕ ಹಾಕಿದೆ. ಅಂಕಿಗಣಿತ ಅವರು ಸರಿಯೇ ನೋಡಬೇಕು.

ಅಂಕಿಗಣಿತ

ಸರಿಯಿದೆ.

ಬಯಲುಸೀಮೆ_ಮೇಷ್ಟ್ರು

ಎಲ್ಲರಿಗೂ ನನ್ನ ಕೃತಜ್ಞತೆಗಳು. ಇವತ್ತು ಎರಡು ಪೀರಿಯಡ್ ಒಟ್ಟಿಗೆ ತೆಗೆದುಕೊಂಡು ಈ ವಿಷಯವನ್ನೇ ಮಾತನಾಡಿದೆವು. ಹೊಲದ ಸದ್ದಿನ ಮಾತನ್ನು ಮಕ್ಕಳು ತಕ್ಷಣ ಹಿಡಿದುಕೊಂಡರು. ಹೀಲಿಯಂ ಮತ್ತು ಕೊರೋನಿಯಂ ಕಥೆಗಳನ್ನು ಹೇಳಿ, ಕೊನೆಯನ್ನು ಹೇಳದೆ, ಯಾವುದು ನಿಜವಾಗಿರಬಹುದು ಎಂದು ಕೈ ಎತ್ತಿಸಿದೆ. ಹೆಚ್ಚಿನವರು ಹಸಿರು ರೇಖೆಗೆ ಕೈ ಎತ್ತಿದರು.

ಫಲಕದ ಚೀಟಿಯನ್ನು ಕೀಳುವುದೋ ಬೇಡವೋ ಎಂಬ ತೀರ್ಮಾನವನ್ನು ಆ ಹುಡುಗಿಗೇ ಬಿಟ್ಟೆ. ಅವಳು ಅದನ್ನು ಕೀಳಲಿಲ್ಲ. "ಪತ್ತೆ" ಎಂಬ ಪದದ ಮೇಲೆ ಪೆನ್ಸಿಲಿನಿಂದ ಒಂದು ತೆಳುವಾದ ಗೆರೆ ಎಳೆದು, ಪಕ್ಕದಲ್ಲಿ "ಸುಳಿವು" ಎಂದು ಬರೆದು, ಕೆಳಗೆ ಒಂದು ಖಾಲಿ ಹಾಳೆಯನ್ನು ಅಂಟಿಸಿದ್ದಾಳೆ, ಮುಂದೆ ಬರುವ ಸುದ್ದಿಗಾಗಿ. ಪೆನ್ನಿನಿಂದ ಯಾಕೆ ಬರೆಯಲಿಲ್ಲ ಎಂದರೆ, ನಾಳೆ ಮತ್ತೆ ಬದಲಾಗಬಹುದಲ್ಲ ಸರ್ ಎಂದಳು. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದಳು: "ಅಲ್ಲಿ ಏನೂ ಇಲ್ಲ ಎಂದು ಗೊತ್ತಾದರೆ ಅದನ್ನೂ ಪೇಪರಿನಲ್ಲಿ ಹಾಕುತ್ತಾರಾ?" ಇದಕ್ಕೆ ಉತ್ತರ ನನ್ನಲ್ಲಿಲ್ಲ. ರಾತ್ರಿಪಾಳಿ ಅವರನ್ನು ಕೇಳಿ ಹೇಳುತ್ತೇನೆ ಎಂದಿದ್ದೇನೆ.

ರಾತ್ರಿಪಾಳಿ

ಮೇಷ್ಟ್ರೇ, ನಮ್ಮಲ್ಲಿ ಶನಿವಾರದ ವಿಜ್ಞಾನದ ಅಂಕಣಕ್ಕೆ ಮುನ್ನೂರು ಪದಗಳ ಜಾಗವಿದೆ. ಸಂಪಾದಕರ ಬಳಿ ಇವತ್ತೇ ಮಾತನಾಡಿದೆ, ಒಪ್ಪಿದ್ದಾರೆ. ಕೆ2-18ಬಿ ಕುರಿತು ಏಪ್ರಿಲ್ ನಂತರ ಏನಾಯಿತು ಎಂಬುದನ್ನು ರೋಹಿತರೇಖೆ ಅವರು ಬರೆದುಕೊಟ್ಟರೆ ಈ ತಿಂಗಳಲ್ಲೇ ಹಾಕುತ್ತೇನೆ. ಶೀರ್ಷಿಕೆಯನ್ನು ನಾನು ಕೊಡುವುದಿಲ್ಲ, ಆ ಹುಡುಗಿಯನ್ನು ಕೇಳಿ ಕಳಿಸಿ. ನಾಲ್ಕು ಪದ ಮೀರದಿದ್ದರೆ ಸಾಕು.

ರೋಹಿತರೇಖೆ

ಭಾನುವಾರದೊಳಗೆ ಬರೆದು ಕಳಿಸುತ್ತೇನೆ.